ಬಂದ ನೀರು, ಹೋಗದ ನೀರು



ಕಲಬುರಗಿ ಜಿಲ್ಲೆಯ ನಕ್ಷೆಯೊಂದನ್ನು ಎದುರಿಗೆ ಇಟ್ಟುಕೊಳ್ಳಿ. ಮೊದಲು ವಾಡಿ ಜಂಕ್ಷನ್ ಎಲ್ಲಿದೆ ಎಂದು ಗುರುತಿಸಿ. ಅಲ್ಲಿಂದ ಯಾದಗಿರಿ, ರಾಯಚೂರಿನ ಕಡೆಗೆ ಇಳಿಯುವ ರೈಲು ಹಳಿಯ ಮೇಲೆ ಬೆರಳಿಟ್ಟು ಸರಿಸಿದರೆ ನಾಲವಾರ ಸಿಗುತ್ತದೆ. ಇದು ಚಿತ್ತಾಪುರ ತಾಲ್ಲೂಕಿನ ದೊಡ್ಡ ಊರುಗಳಲ್ಲಿ ಒಂದು. ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆಂದು, ಅಲ್ಲಿನ ಅಶೋಕನ ಶಾಸನ ಮತ್ತು ಬೌದ್ಧ ಸ್ತೂಪದ ಅವಶೇಷಗಳನ್ನು ನೋಡಲೆಂದು ರೈಲಿನಲ್ಲಿ ಬರುವವರು ಇಳಿಯುವ ನಿಲ್ದಾಣವೂ ಹೌದು. ಊರಿನ ಪಶ್ಚಿಮಕ್ಕೆ ಭೀಮಾ ನದಿಯಿದೆ, ಸನ್ನತಿಯಲ್ಲಿ ಅದಕ್ಕೊಂದು ಬ್ಯಾರೇಜೂ ಇದೆ. ಉತ್ತರದಲ್ಲಿ ಕಾಗಿಣಾ ನದಿ. ಅದು ತಾಂಡೂರಿನ ಕಡೆಯಿಂದ ಬಂದು, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಶಹಾಬಾದಿನ ಕೆಳಗೆ ಭೀಮೆಯನ್ನು ಕೂಡುತ್ತದೆ.

ಹೀಗೆ ಎರಡು ನದಿಗಳ ನಡುವಿನ ನಾಡು ಇದು. ಆದರೂ ಏಪ್ರಿಲ್, ಮೇ ತಿಂಗಳು ಬಂತೆಂದರೆ ಇಲ್ಲಿನ ಊರುಗಳಲ್ಲಿ ಬೋರಿಂಗಿನ ಮುಂದೆ ಕೊಡಗಳ ಸಾಲು ಬೆಳೆಯುತ್ತದೆ. ಇದು ನಿಮಗೆಲ್ಲ ಗೊತ್ತಿರುವ ದೃಶ್ಯ. ಇದರ ಜೊತೆಗೆ ಇನ್ನೊಂದು ದೃಶ್ಯವೂ ಇದೆ. ಮನೆಮನೆಗೆ ನಲ್ಲಿ ಬಂದಿರುವ ಓಣಿಯಲ್ಲಿ ನಡೆದು ನೋಡಿ. ಬಚ್ಚಲ ನೀರು ಓಣಿಯ ನಡುವೆ ಹರಿದು, ತಗ್ಗಿದ್ದಲ್ಲಿ ನಿಂತು, ಹಸಿರು ಪಾಚಿ ಕಟ್ಟಿರುತ್ತದೆ. ಒಂದು ಕಡೆ ನೀರು ಸಾಲದು, ಇನ್ನೊಂದು ಕಡೆ ನೀರು ಹೋಗದು. ಇವು ಎರಡು ಬೇರೆ ಬೇರೆ ಸಮಸ್ಯೆಗಳೆಂದು ನಾವು ತಿಳಿಯುತ್ತೇವೆ. ನಿಜವಾಗಿ ಇವು ಒಂದೇ ಸರಪಳಿಯ ಎರಡು ತುದಿಗಳು. ಈ ಸರಪಳಿ ಎಲ್ಲೆಲ್ಲಿ ತುಂಡಾಗುತ್ತದೆ, ಏಕೆ ತುಂಡಾಗುತ್ತದೆ ಎಂಬುದನ್ನು ಈಗ ವಿಚಾರ ಮಾಡೋಣ.

ಒಂದು ಮನೆಯ ಲೆಕ್ಕ

ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ನೀರು ಬೇಕು? ನಮ್ಮ ದೇಶದ ಗ್ರಾಮೀಣ ನೀರು ಸರಬರಾಜು ಯೋಜನೆಗಳು ಬಹುಕಾಲ 40 ಲೀಟರಿನ ಲೆಕ್ಕ ಇಟ್ಟುಕೊಂಡಿದ್ದವು. ಕುಡಿಯಲು 3, ಅಡಿಗೆಗೆ 5, ಸ್ನಾನಕ್ಕೆ 15, ಪಾತ್ರೆ ಮತ್ತು ಮನೆ ತೊಳೆಯಲು 7, ಶೌಚಕ್ಕೆ 10 ಲೀಟರು. ದನಕರುಗಳ ನೀರು ಇದರಲ್ಲಿ ಸೇರಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ಅಂದರೆ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದ ಯೋಜನೆ, ಈ ಪ್ರಮಾಣವನ್ನು 55 ಲೀಟರಿಗೆ ಏರಿಸಿತು. ಒಳಚರಂಡಿ ಇರುವ ಪಟ್ಟಣಗಳಿಗಾದರೆ ತಜ್ಞರು ಹೇಳುವ ಪ್ರಮಾಣ 135 ಲೀಟರು.

ಐದು ಜನರ ಒಂದು ಮನೆಯನ್ನು ತೆಗೆದುಕೊಳ್ಳಿ. ಹಳೆಯ ಲೆಕ್ಕದಂತೆ ಆ ಮನೆಗೆ ದಿನಕ್ಕೆ 200 ಲೀಟರು ನೀರು ಬೇಕು. ಒಂದು ಕೊಡಕ್ಕೆ 15 ಲೀಟರೆಂದರೂ 13 ಕೊಡ ಹೊತ್ತು ಮೇಲೆ ಇನ್ನೊಂದು ಅರೆಗೊಡ ತರಬೇಕು. ಇದನ್ನು ಹೊರುವವರು ಯಾರು? ಬಹುಪಾಲು ಮನೆಗಳಲ್ಲಿ ತಾಯಿ, ಅಕ್ಕ, ತಂಗಿ. ಹುಡುಗಿ ಶಾಲೆಗೆ ತಡವಾಗಿ ಬಂದಳೆಂದು ಹಾಜರಿ ಪುಸ್ತಕ ಹೇಳುತ್ತದೆ. ಅವಳು ಬರುವ ಮುಂಚೆ ಎಷ್ಟು ಕೊಡ ಹೊತ್ತಿದ್ದಳೆಂದು ಅದರಲ್ಲಿ ಬರೆದಿರುವುದಿಲ್ಲ.

ಈಗ ಅದೇ ಮನೆಗೆ ನಲ್ಲಿ ಬಂತೆನ್ನಿ. 55 ಲೀಟರಿನಂತೆ ಐದು ಜನರಿಗೆ 275 ಲೀಟರು. ಮನೆಗೆ ಬಂದ ನೀರಿನಲ್ಲಿ ಸುಮಾರು 80 ಭಾಗ ಕೊಳೆ ನೀರಾಗಿ ಹೊರಗೆ ಹೋಗುತ್ತದೆಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಅಂದರೆ 220 ಲೀಟರು. ಊರಿನಲ್ಲಿ ಇಂಥ 1,000 ಮನೆಗಳಿದ್ದರೆ ದಿನವೊಂದಕ್ಕೆ 2 ಲಕ್ಷ 20 ಸಾವಿರ ಲೀಟರು ಕೊಳೆ ನೀರು! ಕೊಡದಲ್ಲಿ ಹೊತ್ತು ತರುತ್ತಿದ್ದಾಗ ಒಂದೊಂದು ತಂಬಿಗೆಯನ್ನೂ ಅಳೆದು ಬಳಸುತ್ತಿದ್ದೆವು, ಹಿತ್ತಿಲ ಮಣ್ಣೇ ಅದನ್ನು ಹೀರಿಕೊಳ್ಳುತ್ತಿತ್ತು. ನಲ್ಲಿ ಬಂದ ಮೇಲೆ ಹಿತ್ತಿಲಿಗೆ ಆ ಶಕ್ತಿ ಇಲ್ಲ. ಆದ್ದರಿಂದ ನೀರು ತರುವ ಯೋಜನೆಯೊಂದನ್ನು ರೂಪಿಸುವಾಗಲೇ ಆ ನೀರು ಹೋಗುವ ದಾರಿಯನ್ನೂ ರೂಪಿಸಬೇಕು. ಹಾಗೆ ಮಾಡದಿದ್ದರೆ ನಾವು ಅರ್ಧ ಯೋಜನೆಯನ್ನು ಮಾತ್ರ ಮಾಡಿದಂತೆ.

ಕಪ್ಪು ಮಣ್ಣು, ಸುಣ್ಣದ ಕಲ್ಲು

ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ ಭಾಗದ ನೆಲದ ಕೆಳಗೆ ಪದರು ಪದರಾದ ಸುಣ್ಣಕಲ್ಲು ಹಾಸಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾ ಸಮೂಹವೆಂದು ಕರೆಯುತ್ತಾರೆ. ನಿಮ್ಮ ಮನೆಯಲ್ಲಿ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು, ಅಂದರೆ ಫರಸಿ, ಇದೇ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿನಿಂದ. ಈ ಕಲ್ಲಿನ ಮೇಲೆ ಬಹಳ ಕಡೆ ಎರೆಮಣ್ಣು ಇದೆ. ಜಿಲ್ಲೆಗೆ ತೊಗರಿಯ ಕಣಜವೆಂಬ ಹೆಸರು ತಂದುಕೊಟ್ಟ ಮಣ್ಣು ಅದು.

ಬೆಳೆಗೂ ಕಟ್ಟಡಕ್ಕೂ ಇಷ್ಟು ಉಪಕಾರಿಯಾದ ಈ ನೆಲ ನೀರಿನ ಮತ್ತು ಚರಂಡಿಯ ಕೆಲಸಕ್ಕೆ ಮಾತ್ರ ಕಠಿಣವಾದದ್ದು. ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ವರ್ಷ ವರ್ಷವೂ ಹೀಗೆ ಉಬ್ಬಿ ಕುಗ್ಗುವ ಮಣ್ಣಿನಲ್ಲಿ ಹೂಳಿದ ಕೊಳವೆಯ ಜೋಡಣೆಗಳು ಸಡಿಲವಾಗುತ್ತವೆ. ಅಲ್ಲದೆ ಒದ್ದೆಯಾದ ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಬಚ್ಚಲ ನೀರಿಗೆಂದು ತೋಡಿದ ಇಂಗುಗುಂಡಿ ಕೆಲವೇ ದಿನಗಳಲ್ಲಿ ತುಂಬಿ ಹೊರಚೆಲ್ಲುವುದು ಈ ಕಾರಣದಿಂದ.

ಮಣ್ಣು ತೆಳುವಾಗಿ ಕಲ್ಲು ಮೇಲೆ ಬಂದಿರುವ ಕಡೆ ಇದಕ್ಕೆ ವಿರುದ್ಧವಾದ ತೊಂದರೆ. ಸುಣ್ಣಕಲ್ಲಿನಲ್ಲಿ ಸೀಳುಗಳು, ಪದರುಗಳ ನಡುವಿನ ಸಂದುಗಳು ಇರುತ್ತವೆ. ಮಳೆ ನೀರು ಸಾವಿರಾರು ವರ್ಷಗಳಲ್ಲಿ ಸುಣ್ಣವನ್ನು ಕರಗಿಸಿ ಈ ಸಂದುಗಳನ್ನು ಅಗಲ ಮಾಡಿರುತ್ತದೆ. ಮರಳು ಅಥವಾ ಮಣ್ಣಿನ ಮೂಲಕ ನಿಧಾನವಾಗಿ ಇಳಿಯುವ ಕೊಳೆ ನೀರು ದಾರಿಯಲ್ಲಿ ಸೋಸಿಕೊಳ್ಳುತ್ತದೆ, ಅದರಲ್ಲಿನ ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಕಲ್ಲಿನ ಸೀಳಿನಲ್ಲಿ ಹಾಗೆ ಸೋಸುವ ಪದರವೇ ಇಲ್ಲ. ಒಂದು ಕಡೆ ಗುಂಡಿಗೆ ಬಿಟ್ಟ ನೀರು ಇನ್ನೊಂದು ಕಡೆಯ ಕೊಳವೆ ಬಾವಿಗೆ ಇಳಿಯಬಹುದು. ಶೌಚಗುಂಡಿಗೂ ಬಾವಿಗೂ ನಡುವೆ ಕನಿಷ್ಠ 10 ಮೀಟರಾದರೂ ಅಂತರವಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸೀಳುಬಿಟ್ಟ ಕಲ್ಲಿನ ನೆಲದಲ್ಲಿ ಆ ಅಂತರವನ್ನು ನಂಬಿ ನಿಶ್ಚಿಂತೆಯಿಂದ ಇರುವಂತಿಲ್ಲ. ಎರೆಮಣ್ಣಿನಲ್ಲಿ ಕೊಳೆ ನೀರು ಹೋಗುವುದೇ ಇಲ್ಲ, ಕಲ್ಲಿನಲ್ಲಿ ಅದು ಹೋದದ್ದು ಗೊತ್ತೇ ಆಗುವುದಿಲ್ಲ.

ಸುಣ್ಣಕಲ್ಲು ನೀರಿಗೆ ಗಡಸುತನವನ್ನೂ ಕೊಡುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡದು, ತೊಗರಿಬೇಳೆ ಬೇಗ ಬೇಯದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರು ಕುಡಿಯುವ ನೀರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಇಲ್ಲಿ ಒಂದು ಅಪಾಯವನ್ನು ಗಮನಿಸಿ. ಗಡಸು ನೀರನ್ನು ನಾಲಗೆ ಕೂಡಲೇ ಗುರುತಿಸುತ್ತದೆ, ರೋಗಾಣುಗಳಿರುವ ನೀರನ್ನು ಗುರುತಿಸುವುದಿಲ್ಲ. ಬೋರಿಂಗಿನ ನೀರು ಸಪ್ಪೆ, ಬೇಳೆ ಬೇಯುವುದಿಲ್ಲ ಎಂದು ಬಿಟ್ಟು, ಹಳ್ಳದ ಒರತೆಯ ಅಥವಾ ತೆರೆದ ಬಾವಿಯ ‘ಸಿಹಿ ನೀರು’ ತರುವವರು ಅನೇಕರು. ರುಚಿಯಾದ ನೀರೆಲ್ಲ ಶುದ್ಧ ನೀರಲ್ಲವೆಂಬುದನ್ನು ಮನೆಯವರಿಗೆ ತಿಳಿಸುವ ಕೆಲಸ ನಿಮ್ಮದು.

ನಲ್ಲಿ ಬಂದ್ ಆದ ಹೊತ್ತಿನಲ್ಲಿ

ನದಿಯ ನೀರನ್ನು ಎತ್ತಿ, ಶುದ್ಧೀಕರಿಸಿ, ಮೇಲ್ಮಟ್ಟದ ಟ್ಯಾಂಕಿಗೆ ಏರಿಸಿ ಕೊಳವೆಯಲ್ಲಿ ಬಿಡುತ್ತಾರೆ. ಅಲ್ಲಿಗೆ ಅಪಾಯ ಮುಗಿಯಿತೇ? ಇಲ್ಲ. ನಮ್ಮ ಬಹಳಷ್ಟು ಊರುಗಳಲ್ಲಿ ನಲ್ಲಿ ನೀರು ಬರುವುದು ದಿನಕ್ಕೆ ಒಂದೆರಡು ಗಂಟೆ, ಕೆಲವೆಡೆ ಕೆಲವು ದಿನಗಳಿಗೊಮ್ಮೆ. ಉಳಿದ ಹೊತ್ತು ಕೊಳವೆ ಖಾಲಿ.

ನೀರು ಒತ್ತಡದಲ್ಲಿ ಹರಿಯುವಾಗ ಕೊಳವೆಯಲ್ಲಿ ಬಿರುಕಿದ್ದರೆ ಒಳಗಿನ ನೀರು ಹೊರಗೆ ಸೋರುತ್ತದೆ. ಸರಬರಾಜು ನಿಂತು ಒತ್ತಡ ಇಳಿದಾಗ ಇದು ತಿರುವುಮುರುವಾಗುತ್ತದೆ. ಹೊರಗೆ ನಿಂತ ನೀರು ಅದೇ ಬಿರುಕಿನಿಂದ ಒಳಗೆ ಇಳಿಯುತ್ತದೆ. ಎಷ್ಟೋ ಓಣಿಗಳಲ್ಲಿ ಮನೆಯ ನಲ್ಲಿಗೆ ಹೋಗುವ ಸಣ್ಣ ಕೊಳವೆ ಗಟಾರನ್ನು ದಾಟಿಕೊಂಡೇ ಹೋಗಿರುವುದನ್ನು ನೀವು ನೋಡಿದ್ದೀರಿ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೆಲವು ನಿಮಿಷ ಬರುವ ಕೆಸರು ಬಣ್ಣದ ನೀರಿನಲ್ಲಿ ಗಟಾರದ ಪಾಲೂ ಇರಬಹುದು. ಶುದ್ಧೀಕರಣ ಘಟಕದಿಂದ ಚೊಕ್ಕಟವಾಗಿ ಹೊರಟ ನೀರು ಮನೆಗೆ ಬರುವಷ್ಟರಲ್ಲಿ ಕೆಡುವುದು ಹೀಗೆ.

2022ರ ಮೇ ಮತ್ತು ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಬಹಳ ಜನ ವಾಂತಿ ಭೇದಿಯಿಂದ ನರಳಿದರು, ಸಾವುಗಳೂ ಸಂಭವಿಸಿದವು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಕಲುಷಿತ ನೀರಿನ ಪ್ರಕರಣದಲ್ಲಿ ಜನ ಪ್ರಾಣ ಕಳೆದುಕೊಂಡರು. ಎರಡೂ ಕಡೆ ನಲ್ಲಿ ಇತ್ತು. ನಲ್ಲಿ ಇರುವುದೇ ಬೇರೆ, ಅದರಲ್ಲಿ ಸುರಕ್ಷಿತ ನೀರು ಬರುವುದೇ ಬೇರೆ ಎಂಬ ಪಾಠವನ್ನು ಈ ಸಾವುಗಳಿಂದ ಕಲಿಯಬೇಕಾಯಿತು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಕೊಳವೆ ಸದಾ ತುಂಬಿ ಒತ್ತಡದಲ್ಲಿದ್ದರೆ ಹೊರಗಿನ ಕೊಳೆ ಒಳಗೆ ಬಾರದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ನಮ್ಮದೇ ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಇದನ್ನು ಪ್ರಯೋಗ ಮಾಡಿದರು. 2008ರ ಹೊತ್ತಿಗೆ ಅಲ್ಲಿ ದಿನದ 24 ಗಂಟೆಯೂ ನೀರು ಹರಿಯತೊಡಗಿತು. ಹಳೆಯ ಕೊಳವೆಗಳನ್ನು ಬದಲಿಸಿ, ಸೋರಿಕೆ ನಿಲ್ಲಿಸಿ, ಮನೆಮನೆಗೆ ಮೀಟರು ಕೂಡಿಸಿದ್ದರಿಂದ ಅದು ಸಾಧ್ಯವಾಯಿತು. ಇಂಥ ವ್ಯವಸ್ಥೆಯನ್ನು ಇಡೀ ನಗರಕ್ಕೆ ವಿಸ್ತರಿಸುವುದು ಮತ್ತು ನಡೆಸಿಕೊಂಡು ಹೋಗುವುದು ಪ್ರಯೋಗಕ್ಕಿಂತ ಬಹಳ ದೊಡ್ಡ ಕೆಲಸ.

ಸಣ್ಣ ಊರಿನಲ್ಲಿ ಮಾಡಬಹುದಾದ ಅಗ್ಗದ ಉಪಾಯ ಕ್ಲೋರಿನ್. ಟ್ಯಾಂಕಿಗೆ ಸರಿಯಾದ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರ್ ಬೆರೆಸಿ ಅರ್ಧ ಗಂಟೆ ಬಿಟ್ಟು ನೀರು ಹರಿಸಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಾಗೆ ಉಳಿದಿದ್ದರೆ ದಾರಿಯಲ್ಲಿ ಸೇರಿದ ಅಲ್ಪಸ್ವಲ್ಪ ಕೊಳೆಯನ್ನೂ ಅದು ಎದುರಿಸುತ್ತದೆ. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆಂಬುದನ್ನು ಮರೆಯಬಾರದು.

ಶೌಚಾಲಯದ ಕೆಳಗೆ ಏನಿದೆ?

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಯಿತು. ಐದು ವರ್ಷಗಳಲ್ಲಿ ಕೋಟಿಗಟ್ಟಲೆ ಶೌಚಾಲಯಗಳು ಎದ್ದವು, 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತವನ್ನು ಬಯಲು ಶೌಚ ಮುಕ್ತವೆಂದು ಘೋಷಿಸಲಾಯಿತು. ಕತ್ತಲಾಗುವುದನ್ನೇ ಕಾಯಬೇಕಾಗಿದ್ದ ಹೆಣ್ಣುಮಕ್ಕಳಿಗೆ ಮನೆಯ ಬಳಿಯ ನಾಲ್ಕು ಗೋಡೆ ಎಷ್ಟು ದೊಡ್ಡ ನೆಮ್ಮದಿಯೆಂದು ಬೇರೆ ಹೇಳಬೇಕಿಲ್ಲ. ಆದರೆ ಈ ನಾಲ್ಕು ಗೋಡೆಗಳು ಶೌಚಾಲಯದ ಕಣ್ಣಿಗೆ ಕಾಣುವ ಭಾಗ ಮಾತ್ರ. ನಾವು ಕೇಳಬೇಕಾದ ಪ್ರಶ್ನೆ ಅದರ ಕೆಳಗೆ ಏನಿದೆ ಎಂಬುದು.

ಹಳ್ಳಿಗಳಿಗೆ ಸೂಚಿಸಿದ ವಿಧಾನ ಎರಡು ಗುಂಡಿಯದು. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ಬಿಡಬೇಕು. ಮುಚ್ಚಿದ ಗುಂಡಿಯಲ್ಲಿರುವುದು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಸರಳವಾದ, ಒಳ್ಳೆಯ ವಿಧಾನ. ಆದರೆ ‘ಗುಂಡಿ ಬೇಗ ತುಂಬೀತು’ ಎಂಬ ಭಯದಿಂದ ಎಷ್ಟೋ ಜನ ಒಂದೇ ದೊಡ್ಡ ಆಳವಾದ ಗುಂಡಿ ತೋಡಿಸುತ್ತಾರೆ. ಸುಣ್ಣಕಲ್ಲಿನ ನೆಲದಲ್ಲಿ ಆಳವಾದ ಗುಂಡಿಯೆಂದರೆ ಅಂತರ್ಜಲಕ್ಕೆ ಇನ್ನಷ್ಟು ಹತ್ತಿರವಾದಂತೆ. ಕೊಳೆಯಲ್ಲಿನ ಸಾರಜನಕ ನೆಲದೊಳಗೆ ನೈಟ್ರೇಟ್ ಆಗಿ ನೀರನ್ನು ಸೇರುತ್ತದೆ. ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚಾದರೆ ಆ ನೀರು ಕುಡಿಯಲು ಯೋಗ್ಯವಲ್ಲ, ಅದರಲ್ಲೂ ಎಳೆಯ ಕೂಸುಗಳಿಗೆ ಅಪಾಯ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ.

ಪಟ್ಟಣದ ಕಡೆ ಸೆಪ್ಟಿಕ್ ಟ್ಯಾಂಕು ಹೆಚ್ಚು. ಅದರಲ್ಲಿ ಗಟ್ಟಿ ಭಾಗ ತಳಕ್ಕೆ ಇಳಿಯುತ್ತದೆ. ಮೇಲಿನ ನೀರು ಹೊರಬಂದು ಇಂಗುಗುಂಡಿಗೆ ಹೋಗಬೇಕು, ಅನೇಕ ಕಡೆ ಅದು ನೇರ ಗಟಾರಿಗೆ ಹೋಗುತ್ತದೆ. ತಳದ ಹೂಳನ್ನು ಕೆಲವು ವರ್ಷಗಳಿಗೊಮ್ಮೆ ಹೀರುವ ಯಂತ್ರದ ವಾಹನದಿಂದ ತೆಗೆಸಬೇಕು. ಆ ವಾಹನ ತುಂಬಿಕೊಂಡದ್ದನ್ನು ಎಲ್ಲಿ ಸುರಿಯುತ್ತದೆ? ಹಳ್ಳವೋ, ಪಾಳು ಬಿದ್ದ ಕಲ್ಲಿನ ಗಣಿಯೋ ಆದರೆ ಸರಪಳಿ ಅಲ್ಲಿ ತುಂಡಾಯಿತು. ಈ ಹೂಳನ್ನು ಸಂಸ್ಕರಿಸಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಒಂದು ಘಟಕ ಆರಂಭವಾಯಿತು. ಒಳಚರಂಡಿ ಇಲ್ಲದ ಸಣ್ಣ ಪಟ್ಟಣವೊಂದು ಏನು ಮಾಡಬಹುದೆಂಬುದಕ್ಕೆ ದೇಶದಲ್ಲಿ ಅದು ಮೊದಮೊದಲ ಮಾದರಿ.

ಎಲ್ಲ ಕಡೆ ಒಳಚರಂಡಿಯನ್ನೇ ಹಾಕಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಒಳಚರಂಡಿ ಕೊಳವೆಯಲ್ಲಿ ಕೊಳೆ ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು, ಜೊತೆಗೆ ಸಾಕಷ್ಟು ನೀರೂ ಬೇಕು. 135 ಲೀಟರಿನ ಲೆಕ್ಕ ಹುಟ್ಟಿದ್ದೇ ಹೀಗೆ. ನೀರು ಕಡಿಮೆಯಾದರೆ ಗಟ್ಟಿ ಭಾಗ ಕೊಳವೆಯಲ್ಲೇ ತಂಗಿ ಕಟ್ಟಿಕೊಳ್ಳುತ್ತದೆ. ಸರಿಯಾಗಿ ನೀರು ಬಾರದ ಪಟ್ಟಣದಲ್ಲಿ ಒಳಚರಂಡಿಯೂ ಸರಿಯಾಗಿ ನಡೆಯದು. ಅಲ್ಲದೆ ಫರಸಿ ಕಲ್ಲನ್ನು ಒಡೆದು ಆಳದ ಕಾಲುವೆ ತೋಡುವ ಖರ್ಚೂ ಇದೆ.

ಇಡೀ ದೇಶದ ಚಿತ್ರವನ್ನು ನೋಡಿದರೆ ಈ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ಅಂದಾಜಿನಂತೆ ಭಾರತದ ನಗರ ಪಟ್ಟಣಗಳಿಂದ ದಿನಕ್ಕೆ 72,368 ದಶಲಕ್ಷ ಲೀಟರು ಕೊಳೆ ನೀರು ಹೊರಬರುತ್ತಿತ್ತು. ಅದನ್ನು ಶುದ್ಧ ಮಾಡಲು ಕಟ್ಟಿದ್ದ ಘಟಕಗಳ ಸಾಮರ್ಥ್ಯ 31,841 ದಶಲಕ್ಷ ಲೀಟರು. ನಿಜವಾಗಿ ಶುದ್ಧವಾಗುತ್ತಿದ್ದದ್ದು 20,236 ದಶಲಕ್ಷ ಲೀಟರು ಮಾತ್ರ. ಎಂದರೆ ನೂರು ಕೊಡದಲ್ಲಿ 28 ಕೊಡ. ಉಳಿದದ್ದು ಹಳ್ಳ, ಕೆರೆ, ನದಿಗಳ ಪಾಲು. ಕೆಳಗಿನ ಊರಿನವರು ಕುಡಿಯುವ ನೀರನ್ನು ಎತ್ತುವುದು ಅದೇ ನದಿಯಿಂದ.

ಕೆಳಗೆ ಇಳಿಯುವವರು

ಸರಪಳಿ ತುಂಡಾದ ಕಡೆಯಲ್ಲೆಲ್ಲ ಅದನ್ನು ಕೈಯಿಂದ ಜೋಡಿಸುವವರು ಮನುಷ್ಯರು. ಕಟ್ಟಿಕೊಂಡ ಚರಂಡಿಗೆ, ವಿಷಾನಿಲ ತುಂಬಿದ ಗುಂಡಿಗೆ ಅವರನ್ನು ಇಳಿಸುತ್ತಾರೆ. ಹೀಗೆ ಇಳಿಯುವವರು ಬಹುಮಟ್ಟಿಗೆ ಒಂದೆರಡು ದಲಿತ ಜಾತಿಗಳಿಗೆ ಸೇರಿದವರೇ ಆಗಿರುತ್ತಾರೆ. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕ್ರಮ ಕೈಗೊಂಡರು. 1993ರಲ್ಲಿ ಕೇಂದ್ರದ ಕಾನೂನು ಬಂತು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾನೂನು ಬಂತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಬೇಕಾಗಿ ಬಂತೆಂದರೆ ಸಾವುಗಳು ನಿಂತಿರಲಿಲ್ಲವೆಂದೇ ಅರ್ಥ. ಗುಂಡಿ ಸ್ವಚ್ಛ ಮಾಡಲು ಮನುಷ್ಯನನ್ನು ಇಳಿಸುವುದು ಅಪರಾಧ ಎಂಬುದನ್ನು ನಿಮ್ಮ ಮನೆಯಲ್ಲೂ ಓಣಿಯಲ್ಲೂ ಹೇಳಿ.

ಈ ಅಂತರ ಏಕೆ ಉಳಿದಿದೆ?

ಮೊದಲನೆಯ ಕಾರಣ, ಕಟ್ಟುವುದಕ್ಕೆ ಹಣ ಸಿಗುತ್ತದೆ, ನಡೆಸುವುದಕ್ಕೆ ಸಿಗುವುದಿಲ್ಲ. ಟ್ಯಾಂಕು ಕಟ್ಟಿದಾಗ ಉದ್ಘಾಟನೆ ಇರುತ್ತದೆ. ಪಂಪಿನ ವಿದ್ಯುತ್ ಬಿಲ್ಲು, ವಾಲ್ವಿನ ರಿಪೇರಿ, ನೀರು ಬಿಡುವ ವಾಟರ್‌ಮನ್ನಿನ ಸಂಬಳ, ಬ್ಲೀಚಿಂಗ್ ಪೌಡರು, ಇವುಗಳಿಗೆ ಉದ್ಘಾಟನೆ ಇಲ್ಲ. ಆದರೆ ಊರಿನ ಆರೋಗ್ಯ ನಿಂತಿರುವುದು ಇವುಗಳ ಮೇಲೆಯೇ.

ಎರಡನೆಯದು, ಊರಿಗೂ ಪಟ್ಟಣಕ್ಕೂ ನಡುವಿನ ತೊಡಕು. 1992ರ 73ನೆಯ ಮತ್ತು 74ನೆಯ ಸಂವಿಧಾನ ತಿದ್ದುಪಡಿಗಳು ಕುಡಿಯುವ ನೀರು, ನೈರ್ಮಲ್ಯಗಳ ಹೊಣೆಯನ್ನು ಪಂಚಾಯತಿ ಮತ್ತು ನಗರಸಭೆ ಪುರಸಭೆಗಳ ಕಡೆಗೆ ತಿರುಗಿಸಿದವು. ಪಟ್ಟಣಗಳ ದೊಡ್ಡ ಕಾಮಗಾರಿಗಳಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇದೆ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರಗಳಂಥ ಪಟ್ಟಣಗಳು ಈ ಸಾಲಿಗೆ ಬರುತ್ತವೆ. ರೈಲು, ರಸ್ತೆ, ಸಂತೆಗಳಿಂದ ಬೆಳೆದು ಮನೆಗೆ ಮನೆ ಒತ್ತಿ ನಿಂತಿರುವ ದೊಡ್ಡ ಹಳ್ಳಿಗಳ ಪಾಡು ಬೇರೆ. ಅಲ್ಲಿ ಹುಟ್ಟುವ ಕೊಳೆ ಪಟ್ಟಣದಷ್ಟು, ಅದನ್ನು ಸಾಗಿಸಲು ಇರುವ ಸಾಧನ ಹಳ್ಳಿಯಷ್ಟು.

ಮೂರನೆಯದು ಪ್ರಾದೇಶಿಕ ಅಸಮಾನತೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ತಾಲ್ಲೂಕುಗಳು ಆಗಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿ ಈ ಭಾಗಕ್ಕೆ ವಿಶೇಷ ಸ್ಥಾನ ದೊರೆತದ್ದು ಇಂಥ ಹಿನ್ನೆಲೆಯಲ್ಲಿ. ಹಣದ ಬಾಗಿಲು ತೆರೆದಿದೆ. ಆ ಹಣ ಓಣಿಯ ಕೊನೆಯ ಚರಂಡಿಯವರೆಗೂ ಮುಟ್ಟುವಂತೆ ಕೇಳುವವರು ಬೇಕು.

ಈ ಅಂತರ ನಮ್ಮದೊಂದೇ ನಾಡಿನದೆಂದು ತಿಳಿಯಬೇಡಿ. 2022ರ ಜಾಗತಿಕ ಅಂದಾಜಿನಂತೆ ಸುಮಾರು 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರಿನ ಸೇವೆ ಇರಲಿಲ್ಲ. ಸುರಕ್ಷಿತ ನೈರ್ಮಲ್ಯ ಸೇವೆ ಇಲ್ಲದವರು ಸುಮಾರು 350 ಕೋಟಿ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಎಷ್ಟು ದೊಡ್ಡದೆಂದು ನೋಡಿ. ನೀರು ತರುವುದರಲ್ಲಿ ತೋರಿದ ಆಸಕ್ತಿಯನ್ನು ಅದನ್ನು ಸಾಗಿಸುವುದರಲ್ಲಿ ಜಗತ್ತು ತೋರಲಿಲ್ಲ.

ಗೆದ್ದ ಎರಡು ಉದಾಹರಣೆಗಳು

ಇಂದು ಮುಂದುವರಿದ ನಗರವೆನ್ನುವ ಲಂಡನ್ ಕೂಡ ಈ ಕಷ್ಟ ಅನುಭವಿಸಿದೆ. 1854ರಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾದಿಂದ 600ಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯ ಸಾವು ಸಂಭವಿಸಿದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದಾಗ ಅವೆಲ್ಲ ಒಂದು ಕೈಪಂಪಿನ ಸುತ್ತ ಕೂಡಿದ್ದು ಕಂಡಿತು. ಆ ಬಾವಿಗೆ ಕೆಲವೇ ಅಡಿ ದೂರದಲ್ಲಿ ಮಲಗುಂಡಿಯೊಂದು ಸೋರುತ್ತಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಆಮೇಲೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರು ನಗರದ ದೊಡ್ಡ ಒಳಚರಂಡಿಯನ್ನು ಕಟ್ಟಿದ.

ಇನ್ನೊಂದು ಉದಾಹರಣೆ ನಮ್ಮದೇ. ನಿಮ್ಮ ಅಜ್ಜ ಅಜ್ಜಿಯರನ್ನು ‘ನಾರುಹುಣ್ಣು’ ಎಂದರೇನೆಂದು ಕೇಳಿ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಬಳಿಕ ಮೊಳದುದ್ದಕ್ಕೂ ಮೀರಿದ ಬಿಳಿ ಹುಳು ಹೊರಬರುತ್ತಿತ್ತು. ಹುಣ್ಣಾದವರು ಮತ್ತೆ ಅದೇ ಬಾವಿಯ ಮೆಟ್ಟಿಲಿಳಿದು ಕಾಲು ಅದ್ದಿದರೆ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಕರ್ನಾಟಕವೂ ಸೇರಿ 7 ರಾಜ್ಯಗಳಲ್ಲಿ ಈ ರೋಗ ಬೀಡುಬಿಟ್ಟಿತ್ತು. ಇದಕ್ಕೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೈಪಂಪು ಹಾಕಿದರು, ಬಟ್ಟೆಯಲ್ಲಿ ನೀರು ಸೋಸಿ ಕುಡಿಯುವುದನ್ನು ಮನೆಮನೆಗೂ ಹೋಗಿ ಕಲಿಸಿದರು. 1996ರಲ್ಲಿ ದೇಶದ ಕೊನೆಯ ಪ್ರಕರಣ ದಾಖಲಾಯಿತು, 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಕುಡಿಯುವ ನೀರನ್ನೂ ಅದನ್ನು ಕೆಡಿಸುವುದನ್ನೂ ಬೇರೆ ಮಾಡಿದ್ದೇ ಈ ಗೆಲುವಿನ ಗುಟ್ಟು.

ನೀವು ಮಾಡಬಹುದಾದದ್ದು

ಜಾನ್ ಸ್ನೋ ಮಾಡಿದ ಕೆಲಸವನ್ನು ನೀವೂ ಮಾಡಬಹುದು. ನಾಲ್ಕೈದು ಗೆಳೆಯ ಗೆಳತಿಯರು ಸೇರಿ ನಿಮ್ಮ ಓಣಿಯ ನಕ್ಷೆ ಬರೆಯಿರಿ. ನಲ್ಲಿ, ಬೋರಿಂಗ್, ಬಾವಿ, ಟ್ಯಾಂಕುಗಳನ್ನು ನೀಲಿ ಬಣ್ಣದಲ್ಲಿ ಗುರುತಿಸಿ. ಶೌಚಗುಂಡಿ, ಗಟಾರು, ನೀರು ನಿಲ್ಲುವ ತಗ್ಗುಗಳನ್ನು ಕೆಂಪು ಬಣ್ಣದಲ್ಲಿ ಗುರುತಿಸಿ. ನೀಲಿ ಮತ್ತು ಕೆಂಪು ಎಲ್ಲೆಲ್ಲಿ ಹತ್ತಿರ ಬರುತ್ತವೆ, ಎಲ್ಲಿ ಒಂದನ್ನೊಂದು ದಾಟುತ್ತವೆ ಎಂದು ನೋಡಿ. ಓಣಿಯ ಅಪಾಯದ ಜಾಗಗಳು ಅವೇ. ಗ್ರಾಮಸಭೆ ಅಥವಾ ವಾರ್ಡುಸಭೆ ನಡೆದಾಗ ನಿಮ್ಮ ಗುರುಗಳ, ಹಿರಿಯರ ಜೊತೆ ಹೋಗಿ ಆ ನಕ್ಷೆಯನ್ನು ತೋರಿಸಿ, ಮೂರು ಪ್ರಶ್ನೆ ಕೇಳಿ: ನಮ್ಮ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಟ್ಯಾಂಕು ತೊಳೆದದ್ದು ಯಾವಾಗ? ನಮ್ಮ ಓಣಿಯ ಕೊಳೆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ?

ಮನೆಯ ಮಟ್ಟಿಗೆ ಹೇಳುವುದಾದರೆ, ನಲ್ಲಿ ಬಂದಾಗ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ. ಅನುಮಾನವಿದ್ದರೆ ಕುದಿಸಿ ಆರಿಸಿ ಕುಡಿಯಿರಿ. ಕುಡಿಯುವ ನೀರಿನ ಕೊಡಕ್ಕೆ ಕೈ ಅದ್ದದೆ ಹಿಡಿಯುಳ್ಳ ಸವಟಿನಿಂದ ತೆಗೆಯಿರಿ. ಬಚ್ಚಲ ನೀರನ್ನು ಬಾಳೆ, ನುಗ್ಗೆಯ ಬುಡಕ್ಕೆ ತಿರುಗಿಸಿ, ಶೌಚದ ನೀರನ್ನು ಅದರೊಡನೆ ಸೇರಿಸಬೇಡಿ. ಮನೆಯ ಮಗುವಿಗೆ ಭೇದಿಯಾದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಚಹದ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು ಮತ್ತು ನೈರ್ಮಲ್ಯ ಎರಡನ್ನೂ ಒಂದೇ ನಿರ್ಣಯದಲ್ಲಿ ಮಾನವ ಹಕ್ಕೆಂದು ಒಪ್ಪಿತು. ಆ ನಿರ್ಣಯದಲ್ಲಿ ಜೊತೆಯಾಗಿರುವ ಈ ಎರಡು ಮಾತುಗಳನ್ನು ನಮ್ಮ ಯೋಜನೆಗಳಲ್ಲಿಯೂ ಜೊತೆಯಾಗಿಯೇ ಇಡಬೇಕು. ಊರಿಗೆ ನಲ್ಲಿ ಬಂತೆಂದು ಯಾರಾದರೂ ಸಂತೋಷದಿಂದ ಹೇಳಿದಾಗ ನೀವೂ ಸಂತೋಷಪಡಿ, ‘ಚರಂಡಿ ಎಲ್ಲಿಯ ತನಕ ಬಂತು?’ ಎಂದೂ ಕೇಳಿ.